ನಾಲ್ಕನೆಯ ಕಟ್ಟು

ಇಪ್ಪತ್ತೊಂದು ಪ್ಲಾಸ್ಟಿಕ್ ಪಟ್ಟಿಗಳಲ್ಲಿ ಹದಿನೆಂಟು, ಯಂತ್ರ ಎಳೆದ ಕೂಡಲೇ ಹರಿದವು. ಮೂರು ಮಾತ್ರ ಏನು ಮಾಡಿದರೂ ಹರಿಯಲೊಲ್ಲವು. ಬಾಗಲಕೋಟೆಯ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಂಶೋಧನೆ ಮಾಡುವ ಸಂಪದಾ ಆ ಮೂರನ್ನೂ ತಿರುವಿ ನಂಬರು ನೋಡಿದಳು. ಮೂರೂ ನಾಲ್ಕನೆಯ ಕಟ್ಟಿನ ನಾರು ಹಾಕಿ ಮಾಡಿದವು. ಊಟದ ಡಬ್ಬಿಯನ್ನೂ ಬಿಚ್ಚದೆ, ಸಿಕ್ಕ ಬಸ್ಸು ಹತ್ತಿ ಇಳಕಲ್ಲಿಗೆ ಬಂದಳು.

ಅಬೇದಾ ಚಾಚಿ ಬಾಗಿಲ ಮುಂದೆ ಕೂತು ಬಾಳೆಯ ನಾರು ಬಾಚುತ್ತಿದ್ದಳು. ಅವಳ ಗಂಡ ಅಕ್ಬರಸಾಬ ಬಸ್ ನಿಲ್ದಾಣದ ಹತ್ತಿರ ಬಾಳೆಹಣ್ಣು ಮಾರುವವನು. ಹಣ್ಣು ಖಾಲಿಯಾದ ಗೊನೆಯ ದಂಟು ಮೊದಲೆಲ್ಲ ಗಟಾರಕ್ಕೆ ಹೋಗುತ್ತಿತ್ತು. ಒಂದು ವರ್ಷದಿಂದ ಮನೆಗೆ ಬರುತ್ತಿದೆ. ಚಾಚಿ ಅದನ್ನು ನೆನೆಹಾಕಿ, ಜಜ್ಜಿ, ನಾರು ಬಿಡಿಸಿ ಕಟ್ಟು ಕಟ್ಟಿ ಕೊಡುತ್ತಾಳೆ. ಸಂಪದಾ ಆ ನಾರನ್ನು ಗೋವಿನಜೋಳದ ಪಿಷ್ಟದಿಂದ ಮಾಡಿದ ಪ್ಲಾಸ್ಟಿಕ್ಕಿನೊಳಗೆ ಹಾಸುತ್ತಾಳೆ. ಮಣ್ಣಿಗೆ ಬಿದ್ದರೆ ಕರಗಿಹೋಗುವ ಪ್ಲಾಸ್ಟಿಕ್ಕು ಅದು. ಭಾಳ ಒಳ್ಳೆಯದೇ. ಆದರೆ ಕೈಯಲ್ಲಿದ್ದಾಗಲೇ ಹಪ್ಪಳದ ಹಾಗೆ ಮುರಿದರೆ ಯಾರಿಗೆ ಬೇಕು? ನಾರು ಅದಕ್ಕೆ ಬಲ ಕೊಡಬೇಕು. ಒಂದು ವರ್ಷವಾದರೂ ಕೊಟ್ಟಿರಲಿಲ್ಲ. ಸೋಮವಾರದೊಳಗೆ ಏನೂ ತೋರಿಸದಿದ್ದರೆ ಈ ವಿಷಯವನ್ನೇ ಕೈಬಿಡು ಎಂದು ಗೈಡ್ ಹೇಳಿಬಿಟ್ಟಿದ್ದರು.

"ಚಾಚಿ, ನಾಕನೇ ಕಟ್ಟಿಗೆ ಏನ್ ಮಾಡಿದ್ರಿ?"

ಬೈಗುಳ ತಪ್ಪದೆಂದುಕೊಂಡಳು ಚಾಚಿ. ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದರೆ ಸಾಕು, ಬೇರೆ ಏನನ್ನೂ ಸೋಕಿಸಬೇಡಿ ಎಂದು ಈ ಹುಡುಗಿ ಹತ್ತು ಸಲ ಹೇಳಿದ್ದಳು. ಆದರೆ ರೂಢಿಯಾದ ಕೈ ಮಾತು ಕೇಳುತ್ತದೆಯೇ? ಮೂವತ್ತು ವರ್ಷ ಇಳಕಲ್ಲ ಸೀರೆಯ ಹಾಸಿನ ನೂಲಿಗೆ, ಮಗ್ಗದ ಉದ್ದನೆಯ ಎಳೆಗಳಿಗೆ, ಗಂಜಿ ಹಾಕಿದ ಕೈ ಅದು. ಆ ದಿನ ಜ್ವರ ಬಂದಿದ್ದ ಅಕ್ಬರಸಾಬನಿಗೆಂದು ಕಾಸಿದ ಅಕ್ಕಿಯ ಗಂಜಿ ಅರ್ಧ ಪಾತ್ರೆ ಉಳಿದಿತ್ತು. ಪಕ್ಕದಲ್ಲೇ ನಾರು ಒಣಗಿ ಬಡಕಲಾಗಿ ಬಿದ್ದಿತ್ತು. ಯಾವಾಗ ಎತ್ತಿ ಅದ್ದಿದಳೋ, ಅವಳಿಗೇ ತಿಳಿಯಲಿಲ್ಲ.

"ಏನೂ ಮಾಡಿಲ್ಲವ್ವ" ಅಂದಳು ಚಾಚಿ. ಆಣೆ ಮಾತ್ರ ಮಾಡಲಿಲ್ಲ. ಅಷ್ಟು ದೇವರ ಭಯ ಇತ್ತು.

ಸಂಪದಾ ಕಟ್ಟೆಯ ಮೇಲೆ ಕೂತಳು. ತಾನು ಬೈಯಲು ಬಂದಿಲ್ಲವೆಂದೂ, ಆ ಕಟ್ಟಿನ ಪಟ್ಟಿ ಉಳಿದವುಗಳ ಮೂರು ಪಟ್ಟು ಭಾರ ತಡೆಯಿತೆಂದೂ, ಅದಕ್ಕೆ ಏನು ಮಾಡಿದ್ದು ಎಂದು ತಿಳಿಯದಿದ್ದರೆ ಇನ್ನೊಂದು ಮಾಡಲಾಗದೆಂದೂ ಒಂದೇ ಉಸಿರಿಗೆ ಹೇಳಿದಳು. ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು. ಓಣಿಯಲ್ಲಿ ಹೋಗುವವರು ನಿಂತು ನೋಡಿದರೂ ಅವಳಿಗೆ ಪರಿವೆ ಇರಲಿಲ್ಲ.

ಬೈಗುಳದ ಹೆದರಿಕೆ ಹೋಯಿತು, ಸರಿ. ಆದರೆ ಅದಕ್ಕಿಂತ ದೊಡ್ಡದೊಂದು ಚಾಚಿಗೆ ನೆನಪಾಯಿತು. ಹಿಂದೊಮ್ಮೆ ಸೀರೆಯ ಸಾಹುಕಾರನೊಬ್ಬ ಹೀಗೇ ಬಂದು, ಚಾಚಿ ಚಾಚಿ ಎಂದು ಬೆಣ್ಣೆ ಹಚ್ಚಿ, ಗಂಜಿಯ ಹದವನ್ನೆಲ್ಲ ಕೇಳಿಕೊಂಡು ಹೋಗಿದ್ದ. ಮರುವರ್ಷವೇ ಮಷೀನಿನಲ್ಲಿ ಗಂಜಿ ಹಾಕಿದ ಹಾಸು ಲಾರಿಯಲ್ಲಿ ಬಂದು ಓಣಿಗೆ ಇಳಿಯಿತು. ಆಮೇಲೆ ಎಂಟು ವರ್ಷ ಅವಳನ್ನು ಕೆಲಸಕ್ಕೆ ಕರೆದವರಿಲ್ಲ. ಈ ನಾರು ಬಂದ ಮೇಲೆಯೇ ಅವಳಿಗೆ ಮುಂಜಾನೆ ಏಳುವುದರಲ್ಲಿ ಒಂದು ರುಚಿ ಹುಟ್ಟಿತ್ತು.

ಒಂದು ಲೋಟ ನೀರು ತಂದುಕೊಟ್ಟು, ಹುಡುಗಿ ಕುಡಿದ ಮೇಲೆ ಚಾಚಿ ಕೇಳಿದಳು: "ಹೇಳಿದ್ರ, ಇನ್ನ ಮುಂದೂ ಈ ಕೆಲಸ ನನ್ನ ಕಡೆನೇ ಇರ್ತದೇನು?"

ಸಂಪದಾ ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆ ಗಳಿಗೆಯಲ್ಲಿ ಯಾರಾದರೂ ಹೂಂ ಅನ್ನುತ್ತಿದ್ದರು. ಅವಳಿಗೆ ಆಗಲಿಲ್ಲ.

"ಖರೆ ಹೇಳ್ತೇನಿ ಚಾಚಿ. ನನ್ನ ಓದು ಮುಗಿಯೂತನಕ ನಿಮ್ಮ ಕಡೆನೇ. ಆಮ್ಯಾಲೆ ಯಾರರ ಕಂಪನಿಯವರು ತಗೊಂಡ್ರ, ಎಲ್ಲಾ ಮಷೀನೇ ಮಾಡ್ತದರಿ."

ಚಾಚಿ ಬಾಚುತ್ತಿದ್ದ ನಾರಿನ ಸಿಕ್ಕನ್ನು ನಿಧಾನವಾಗಿ ಬಿಡಿಸಿದಳು. ಬೇರೆ ಯಾರಾದರೂ ಆಗಿದ್ದರೆ ಬಾಯಿಗೆ ಬೀಗ ಜಡಿದುಕೊಂಡು ಕೂಡುತ್ತಿದ್ದರು, ಈ ಕಥೆ ಹೇಳುವ ನಾನಾದರೂ ಅಷ್ಟೇ. ಅವಳು ಮಾತ್ರ ಎದ್ದು ಒಳಗೆ ಹೋಗಿ ಒಲೆಯ ಮೇಲೆ ಅಕ್ಕಿ ಇಟ್ಟಳು. ಪುಸ್ತಕ ತೆಗಿ ಎಂದಳು.

ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಬೇಕು. ಬೆರಳಿಗೆ ಹತ್ತಬೇಕು, ಆದರೆ ಮುದ್ದೆ ಕಟ್ಟಬಾರದು. ನಾರನ್ನು ಅದ್ದಿ ಹಿಂಡಿ, ಬಿಸಿಲು ಬಿಟ್ಟು ಗಾಳಿಗೆ ಕಟ್ಟಬೇಕು. ಅರ್ಧ ಒಣಗಿದಾಗ ಕುಂಚ ಎಳೆಯಬೇಕು, ಇಲ್ಲದಿದ್ದರೆ ಎಳೆಗೆ ಎಳೆ ಅಂಟಿ ಹಗ್ಗವಾಗುತ್ತದೆ. ಆ ಅರ್ಧ ಎಂದರೆ ಎಷ್ಟು ಎಂದು ಸಂಪದಾಳ ಕೈಯನ್ನೇ ಹಿಡಿದು ನಾರಿನ ಮೇಲೆ ಇಟ್ಟು ತೋರಿಸಿದಳು. ಒಂದನ್ನೂ ಮುಚ್ಚಿಡಲಿಲ್ಲ. ಎರಡು ಹಾಳೆ ತುಂಬಿದವು.

ಕೊನೆಗೆ ಸಂಪದಾ ತಲೆ ಎತ್ತಿ, ಗಂಜಿ ಹಾಕಿದರೆ ಯಾಕೆ ಹರಿಯುವುದಿಲ್ಲ, ಗೈಡ್ ಕೇಳಿದರೆ ಏನು ಬರೆಯಲಿ ಎಂದು ಕೇಳಿದಳು. ಇಷ್ಟು ಓದಿದವಳು ಇದನ್ನೂ ಕೇಳಬೇಕೇ ಎಂಬಂತೆ ಚಾಚಿ ಅವಳ ಮುಖ ನೋಡಿದಳು.

"ಹಸದ ಎಳಿ ಹರೀತದವ್ವ. ಉಣಿಸಿನೇ ದುಡ್ಯಾಕ ಕಳಸಬೇಕು" ಅಂದಳು. "ನಿನ್ನ ಮಷೀನಿಗೂ ಇದನ್ನ ಹೇಳು."