ಬೂರ್ಸ್ಮಾ ಅಜ್ಜಿಯ ಕಾರಿನ ರೋಗ

ಬೂದು ಬಣ್ಣದ ಕಾರು ಮೂರನೆಯ ಸಲ ಅಂಗಳಕ್ಕೆ ಬಂದು ನಿಂತದ್ದನ್ನು ಕಂಡು ಕರ್ಟ್ ಪೋಸ್ಟ್ಮಾ ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿನ ಮೇಲೆ ಎಸೆದ.

“ಬಂತು ನೋಡು ಪೀಡೆ,” ಎಂದ.

ಮಿಷಿಗನ್‌ನ ಹಾಲೆಂಡ್ ಪಟ್ಟಣದಲ್ಲಿ ಕರ್ಟ್‌ನಷ್ಟು ತಿಳಿದ ಮೆಕ್ಯಾನಿಕ್ ಇನ್ನೊಬ್ಬನಿರಲಿಲ್ಲ. ಹಾಗೆಂದು ಅವನೇ ದಿನಕ್ಕೆರಡು ಸಲ ಹೇಳುತ್ತಿದ್ದ.

ಕಾರಿನ ಒಡತಿ ಎಪ್ಪತ್ತಾರರ ವಿಲ್ಮಿನಾ ಬೂರ್ಸ್ಮಾ. ಹೆದ್ದಾರಿಯಲ್ಲಿ ಸ್ಟಿಯರಿಂಗ್ ಬಿಟ್ಟು ಕೂತರೂ ತಾನೇ ಓಡುವ ಕಾರು ಅದು. ಚಾಲಕರ ಕಣ್ಣು ರಸ್ತೆಯ ಮೇಲಿದ್ದರೆ ಸಾಕು. ಅದನ್ನು ಕಾಯಲು ಎದುರಿಗೊಂದು ಪುಟ್ಟ ಕ್ಯಾಮೆರಾ; ಕಣ್ಣು ಸರಿದರೆ ಎಚ್ಚರಿಕೆಯ ಸದ್ದು. ಆದರೆ ಬುಧವಾರ ಬುಧವಾರ ಕಾಯಿಲೆಯ ತಂಗಿಯನ್ನು ನೋಡಲು ಅಜ್ಜಿ ಹೊರಟರೆ, ಕೈ ಬಿಟ್ಟ ಸ್ವಲ್ಪ ಹೊತ್ತಿಗೇ ಕಾರು ಕೂಗಿಕೊಳ್ಳುತ್ತಿತ್ತು.

ಮೊದಲ ಸಲ ಬಂದಾಗ ದೂರು ಇಷ್ಟೇ: ಒಂದೆರಡು ಸಲ ಸದ್ದು, ಮತ್ತೆ ಸುಮ್ಮನೆ. ಕರ್ಟ್ ಮೂವತ್ತು ಮೈಲಿ ಓಡಿಸಿ ನೋಡಿದ. ಕಾರು ಚಕಾರವೆತ್ತಲಿಲ್ಲ. ಕಾರಿನ ಕಂಪ್ಯೂಟರ್ ದಾಖಲೆಯಲ್ಲಿ ಮಾತ್ರ, ಚಾಲಕರ ಕಣ್ಣು ಸಿಗುತ್ತಿಲ್ಲ ಎಂದಿತ್ತು. ಅಜ್ಜಿಯ ದಪ್ಪ ಕನ್ನಡಕದ ಕಡೆ ನೋಡಿ ತುಟಿ ಕೊಂಕಿಸಿದ. ಕ್ಯಾಮೆರಾ ಒರೆಸಿಕೊಟ್ಟ. ಗ್ಯಾರೇಜಿನ ಯಜಮಾನ ಲಬರ್ಸ್‌ಗೆ ಅದು ಸಾಲಲಿಲ್ಲ. ರೋಗ ಹಿಡಿಯಲಾರದವನು ಇಲ್ಲಿ ಬೇಡ, ಇದೇ ದೂರು ಮೂರನೆಯ ಸಲ ಬಂದರೆ ಮನೆಗೆ ನಡಿ ಎಂದು ಅಜ್ಜಿಯೆದುರೇ ಗದರಿದ.

ಎರಡನೆಯ ಸಲಕ್ಕೆ ರೋಗ ಉಲ್ಬಣಿಸಿತ್ತು. ಈಗ ಕಾರು ಕೂಗಿ ಕೂಗಿ, ಬೇಸತ್ತು, ತಾನೇ ನಿಧಾನವಾಗಿಬಿಡುತ್ತಿತ್ತು. ಕರ್ಟ್ ಹೊಸ ಕ್ಯಾಮೆರಾ ಹಾಕಿದ. ಮುದುಕಿ ಸುಳ್ಳು ಹೇಳುತ್ತಿದ್ದಾಳೆ ಎಂದು ಜೊತೆಯವರ ಮುಂದೆ ಆಡಿಕೊಂಡ.

ಈಗ ಮೂರನೆಯ ಸಲ. ಲಬರ್ಸ್ ಅವನಿಗೆ ಆ ಸಂಜೆಯವರೆಗೆ ಮಾತ್ರ ಗಡುವು ಕೊಟ್ಟ.

“ತೂಕಡಿಸ್ತೀರಾ?” ನೇರವಾಗಿ ಕೇಳಿದ.

“ಹಾಡಹಗಲಲ್ಲಿ ನಿದ್ದೆ ಮಾಡೋ ಅಭ್ಯಾಸ ನನಗಿಲ್ಲ, ಮಗಾ.”

“ಹಾಗಾದ್ರೆ ಫೋನ್ ನೋಡ್ತೀರಿ.”

ಅಜ್ಜಿ ಕೈಚೀಲವನ್ನೇ ತೆರೆದು ತೋರಿಸಿದರು. ಒಂದು ಬೈಬಲು, ಪೆಪ್ಪರ್‌ಮಿಂಟ್ ಪೊಟ್ಟಣ, ಕರವಸ್ತ್ರ. ಒಂದು ಪೆಪ್ಪರ್‌ಮಿಂಟ್ ಕೊಡಹೋದರು. ಅವನು ಬೇಡವೆಂದು ಮುಖ ತಿರುಗಿಸಿದ.

ಕೊನೆಗೆ, ಪ್ರತಿ ಬುಧವಾರ ಹೇಗೆ ಓಡಿಸುವರೋ ಹಾಗೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತ. ತಪ್ಪು ಕಾರಿನದಲ್ಲ, ಮುದುಕಿಯದು ಎಂದು ಇವತ್ತು ಲಬರ್ಸ್‌ಗೆ ತೋರಿಸಿಯೇ ಸಿದ್ಧ.

ಹೆದ್ದಾರಿ. ವೇಗ ಎಪ್ಪತ್ತು ಮೈಲಿ. ಇನ್ನು ಕೈ ಬಿಡಬಹುದೆಂಬ ಹಸಿರು ದೀಪ ಹತ್ತಿತು. ಅಜ್ಜಿ ಸ್ಟಿಯರಿಂಗ್ ಬಿಟ್ಟರು. ಕರ್ಟ್ ಪರದೆಯ ಮೇಲೆ ನೆಟ್ಟ ದೃಷ್ಟಿ ತೆಗೆಯಲಿಲ್ಲ. ಒಂದು ಸದ್ದು. ಇನ್ನೊಂದು. ದೀಪ ಕೆಂಪಾಯಿತು. ಸಿಕ್ಕಿಬಿದ್ದಳು ಎಂದು ಗೆದ್ದವನಂತೆ ತಿರುಗಿದ.

ಅಜ್ಜಿ ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು.

ಕರ್ಟ್ ಹಾರಿಬಿದ್ದು ಸ್ಟಿಯರಿಂಗ್ ಹಿಡಿದ. ಅಜ್ಜಿ ಆಮೆನ್ ಎಂದು ಮುಗಿಸಿಯೇ ಕಣ್ಣು ಬಿಟ್ಟರು.

“ಮೊದಲು ತಂಗಿ ಒಬ್ಬಳಿಗೋಸ್ಕರ ಬೇಡ್ಕೊಳ್ತಿದ್ದೆ ಮಗಾ, ಬೇಗ ಮುಗೀತಿತ್ತು, ಲಬರ್ಸ್ ನಿನಗೆ ಗದರಿದ ದಿನದಿಂದ ನಿನ್ನ ಕೆಲಸ ಉಳೀಲಿ ಅಂತ ಅದನ್ನೂ ಸೇರಿಸಿಕೊಂಡಿದೀನಿ.”