ಆಚೆ ಊರಿನ ಗಾಡಿ

ಅಂದು ಬೆಳಿಗ್ಗೆ ಮಂಜು ಮುಸುಕಿ ಎದುರಿನ ಸೇತುವೆಯೇ ಕಾಣುತ್ತಿರಲಿಲ್ಲ. ಪುಟ್ಟಮಾದಯ್ಯ ಹಣೆಗೆ ವಿಭೂತಿ ಇಟ್ಟುಕೊಂಡು ಊರಿನ ಚಾರ್ಜಿಂಗ್ ಕೇಂದ್ರದ ಕಾವಲಿಗೆ ಕೂತ. ಹೊಳೆಯಾಚೆಯ ಊರಿಗೆ ಕೊಟ್ಟ ಮಗಳಿಗೆ ದಿನ ತುಂಬಿತ್ತು. ಮನಸ್ಸೆಲ್ಲ ಅಲ್ಲೇ ಇತ್ತು.

ಅದೇ ಊರಿನ ಆಟೋದವನೊಬ್ಬ ಬಂದು ಅಂಗಲಾಚಿದ. "ಹತ್ತೇ ನಿಮಿಷ ಯಜಮಾನ್ರೇ. ನಮ್ಮೂರಲ್ಲಿ ಕರೆಂಟ್ ಹೋಗ್ಯದೆ. ಆಸ್ಪತ್ರೆ ಬಾಡಿಗೆ ಒಪ್ಕಂಡಿವ್ನಿ."

"ಎಲ್ಲಾರೂ ಅಂಗೇ ಹೇಳೋದು! ನಮ್ಮೂರ ಗಾಡಿಗೆ ನಿಮ್ಮೋರು ಚಾರ್ಜ್ ಕೊಟ್ಟಾರಾ? ಈಗ ನಮ್ಮಲ್ಲೂ ಅದೇ ರೂಲ್ಸು. ನಡಿ."

ಆಟೋ ಮಂಜಿನೊಳಗೆ ಕರಗಿತು.

ಮಧ್ಯಾಹ್ನ ಅವನು ನಡೆದೇ ಬಂದ. ಅಂಗಿಯ ತೋಳೆಲ್ಲ ರಕ್ತ.

"ಕರ್ಕಂಡು ಬರ್ತಾ ಸೇತುವೆ ಮೇಲೇ ಗಾಡಿ ನಿಂತೋಯ್ತು," ಎಂದವನು ಮಡಿಸಿದ ನೋಟುಗಳನ್ನು ಪುಟ್ಟಮಾದಯ್ಯನ ಅಂಗೈಯಲ್ಲಿ ಮೆಲ್ಲಗೆ ಇಟ್ಟ. "ಮುಟ್ಟಿಸದ ದಾರಿಗೆ ಬಾಡಿಗೆ ಈಸ್ಕೊಬಾರ್ದು. ನಿಮ್ಮ ಮಗಳು ಕೊಟ್ಟಿದ್ದು."