ವಾಲ್ವಿಗೆ ಕುಂಕುಮ

ಟವರುಗಳೆಲ್ಲ ಮಹಾಪೂರಕ್ಕೆ ಕೊಚ್ಚಿಹೋದ ಮೇಲೆ ಕೃಷ್ಣೆಯ ನಡುಗಡ್ಡೆಗಳಿಗೆ ಫೋನೆಂದರೆ ಇಪ್ಪತ್ತು ಕಿಲೋಮೀಟರು ಮೇಲೆ ತೇಲುವ ಬಲೂನೊಂದೇ. ಅದರ ವಾಲ್ವಿನ ಗುಂಡಿ ಕೆಳಗೆ ಕಚೇರಿಯಲ್ಲಿ, ಬಲೂನು ನೋಡಿಕೊಳ್ಳುವ ಬಸಲಿಂಗಮ್ಮನ ಮೇಜಿನ ಮೇಲಿತ್ತು. ಒತ್ತಿದರೆ ಅನಿಲ ಹೊರಹೋಗಿ ಬಲೂನು ಇಳಿಯುತ್ತದೆ. ಹೋದ ಅನಿಲ ಮರಳಿ ಬಾರದು.

ಆಯುಧಪೂಜೆಯ ದಿನ ಆಕೆಯ ಮೇಲಧಿಕಾರಿ ಗುರುಪಾದಪ್ಪ ಸಾಹೇಬರು ಹಾರ, ಬೂದುಗುಂಬಳಕಾಯಿ ಹೊರಿಸಿಕೊಂಡು ಬಂದರು.

“ಬಲೂನ್ ಇಳಸ್ರಿ. ಕುಂಕುಮ ಹಚ್ಚಬೇಕು.”

ಬಸಲಿಂಗಮ್ಮನ ಮೈ ಉರಿಯಿತು. “ಹೋದ ವರ್ಷನೂ ಹಿಂಗೇ ಇಳಿಸಿದ್ರಿ. ಹೊಸ ಬಲೂನ್ ಬರೋತನಕ ಹನ್ನೊಂದು ದಿನ ಗಡ್ಡಿಯೊಳಗ ಒಂದು ಫೋನ್ ಹತ್ತಲಿಲ್ಲ. ನನ್ನ ತಂಗಿ ಹೆರಿಗಿ ಬ್ಯಾನಿಯೊಳಗ ದೋಣಿ ಕರೀಲಾರದ ಸತ್ಲು. ನಿಮ್ಮ ಪೂಜಿ ಕುಂಕುಮಾನ ಆಕಿ ಹೆಣಕ್ಕ ಹಚ್ಚಿದ್ವಿ!”

“ಸಂಪ್ರದಾಯ ಮುರೀಬಾರದಮ್ಮಾ. ಒತ್ರಿ ಗುಂಡಿ.”

ಆಕೆ ಗುಂಡಿಯ ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿದಳು. ಗುಂಡಿಗೆ ವಿಭೂತಿ, ಕುಂಕುಮ, ಚೆಂಡುಹೂವು. ಪಕ್ಕದಲ್ಲಿ ಹೋಳಾದ ನಿಂಬೆ.

“ಪೂಜಿ ಬೆಳಗ್ಗೇ ಆಗೈತಿ ಸಾಹೇಬ್ರೆ. ಪೂಜಿ ಮಾಡಿದ ಆಯುಧ ನಾಳಿತನಕ ಮುಟ್ಟಬಾರದು ಅಂತ ಹೇಳಿಕೊಟ್ಟೋರು ನೀವೇ. ಮುಟ್ರಿ, ನೋಡೋಣ.”

ಬೈಯುತ್ತಲೇ ಗುಂಡಿಯತ್ತ ಚಾಚಿದ ಸಾಹೇಬರ ಕೈ ಹೂವಿನ ಹತ್ತಿರ ನಿಂತುಬಿಟ್ಟಿತು. ಆಮೇಲೆ, ರೂಢಿಯಂತೆ, ಇನ್ನೊಂದು ಕೈಯೊಡನೆ ಕೂಡಿ ಗುಂಡಿಗೆ ಮುಗಿಯಿತು.